ಹಸಿರು ಎಂದರೆ ಯಾವ ಹಸಿರು

ಜನವರಿ 9

ಅಣ್ಣನಿಗೆ,

ಕ್ಷೇಮಸಮಾಚಾರದ ಸಾಲನ್ನು ಬಿಟ್ಟಿದ್ದೇನೆ. ನಮ್ಮ ಓಣಿಯಲ್ಲಿ ಯಾರೂ ಕ್ಷೇಮವಾಗಿಲ್ಲ, ಸುಳ್ಳು ಬರೆಯಲು ನನಗೆ ಕೈ ಬರುವುದಿಲ್ಲ. ಫೋನ್ ಮಾಡು ಎಂದು ಮತ್ತೆ ಹೇಳಬೇಡ. ಫೋನಿನಲ್ಲಿ ನೀನು ನಕ್ಕು ಜಾರಿಕೊಳ್ಳುತ್ತೀಯ. ಕಾಗದವಾದರೆ ಓದಲೇಬೇಕು, ನಗುವುದಾದರೆ ಒಬ್ಬನೇ ಕೂತು ನಗಬೇಕು.

ವಿಷಯ ದೊಡ್ಡಮ್ಮನದು. ನಿನ್ನೆ ಶೆಡ್ಡಿಗೆ ಹೋಗಿ ಅವಳ ಮೇಲಿನ ಟಾರ್ಪಾಲು ತೆಗೆದೆ. ನೀನು ಹಡಗಿನ ಕೆಲಸಕ್ಕೆ ಹೋಗುವಾಗ ಹೇಗೆ ಬಿಟ್ಟಿದ್ದೆಯೋ ಹಾಗೇ ಇದ್ದಾಳೆ. ಎದೆಯುದ್ದದ ಹಿತ್ತಾಳೆ ರೇಡಿಯೇಟರು, ತಟ್ಟೆಯಂಥ ಎರಡು ದೀಪ, ಗಂಟು ಮುಖ. 'ನಿಮ್ಮಪ್ಪ ನನ್ನ ಅಕ್ಕನನ್ನೇ ತಂದು ಮನೇಲಿ ಕೂರಿಸಿದಾರೆ, ನನಗಿಂತ ಅವಳಿಗೇ ಉಪಚಾರ ಜಾಸ್ತಿ' ಎಂದು ಅಮ್ಮ ರೇಗುತ್ತಿದ್ದುದು ನೆನಪಾಯಿತು. ಅಮ್ಮನ ಅಕ್ಕ ನಮಗೆ ದೊಡ್ಡಮ್ಮನಲ್ಲದೆ ಇನ್ನೇನು. ಅಮ್ಮ ಹೋದಳು, ಈ ಹಳೇ ಕಾರು ಉಳಿಯಿತು.

ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿದರೆ ತುಕ್ಕಿನ ನೀರು ಬಂತು. ಈಗ ಏನು ತುಂಬಬೇಕು ಎಂದು ಬರೆ. ಸುಮ್ಮನೆ ನಿಂತು ಹಾಳಾಗಬಾರದು, ಅಷ್ಟೇ ಉದ್ದೇಶ.

ನಿನ್ನ ಅಪ್ಪನನ್ನೇ ಕೇಳಬಹುದಿತ್ತು. ಕೇಳುವುದಿಲ್ಲ. ನಲ್ಲಿ ಕಾರ್ಖಾನೆಯವರು ನಲ್ಲಿಗಳಿಗೆ ಹೊಳಪು ಕೊಟ್ಟು, ಹೊಳಪು ಕೊಟ್ಟ ನೀರನ್ನು ನಮ್ಮ ಮೋರಿಗೆ ಬಿಡುತ್ತಿದ್ದಾರೆ. ಮೋರಿ ಈಗ ಹಸಿರಾಗಿದೆ. ಪಾಚಿಯ ಹಸಿರಲ್ಲ, ಬಾಟಲಿಯ ಹಸಿರು. ಕೊಳವೆಬಾವಿಗೂ ಇಳಿದಿದೆ. ಬಟ್ಟೆ ಒಗೆದುಕೊಡುವ ಪಕ್ಕದ್ಮನೆ ಅತ್ತೆಯ ಬೆರಳ ಸಂದುಗಳಲ್ಲಿ ಹುಣ್ಣು, ಅನ್ನ ಕಲಸಿಕೊಳ್ಳಲೂ ಆಗದೆ ಚಮಚ ಹಿಡಿಯುತ್ತಾರೆ. ಇದನ್ನೇ ಬರೆದು, ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, ಕಾರ್ಖಾನೆಯ ಗೇಟಿನಲ್ಲಿ ಹಂಚಿದೆ. ಗೇಟು ಕಾಯುತ್ತಿದ್ದ ನಿನ್ನ ಅಪ್ಪ ಒಂದು ಕರಪತ್ರ ಇಸಿದುಕೊಂಡು, ಓದದೆ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, 'ಪಕ್ಕಕ್ಕೆ ನಿಂತ್ಕೊಳಮ್ಮ, ಲಾರಿ ಬರ್ತಿದೆ' ಎಂದರು. ಅಂದಿನಿಂದ ಮಾತಿಲ್ಲ. ತಟ್ಟೆ ಇಡುತ್ತೇನೆ, ತಟ್ಟೆ ಎತ್ತುತ್ತೇನೆ.

ಬೇಗ ಬರೆ.

ನಿನ್ನ ತಂಗಿ


ಜನವರಿ 30

ಪ್ರೀತಿಯ ಮೆಣಸಿನಕಾಯಿಗೆ,

ನಿನ್ನ ಕಾಗದ ಎರಡು ಬಂದರು ಅಲೆದು ಇಲ್ಲಿ ಸಿಕ್ಕಿತು. ಒಬ್ಬನೇ ಕೂತು ನಕ್ಕೆ, ನೀನು ಹೇಳಿದ ಹಾಗೆ. ನಮ್ಮ ಎಂಜಿನ್ ಕೋಣೆಯಲ್ಲಿ ನಕ್ಕರೂ ಅತ್ತರೂ ಯಾರಿಗೂ ಕೇಳಿಸುವುದಿಲ್ಲ ಬಿಡು.

ದೊಡ್ಡಮ್ಮನ ಹೊಟ್ಟೆಯನ್ನು ಮೊದಲು ಶುದ್ಧ ನೀರಿನಿಂದ ತೊಳೆ. ಬರೀ ನೀರು ತುಂಬಿ ಬಿಡಬೇಡ, ಎಂಜಿನ್ನು ಎರಕದ ಕಬ್ಬಿಣ, ಮತ್ತೆ ತುಕ್ಕು ಹಿಡಿಯುತ್ತದೆ. ಅಂಗಡಿಯಲ್ಲಿ ಕೂಲಂಟ್ ಕೇಳು, ರೇಡಿಯೇಟರಿನ ನೀರಿಗೆ ಬೆರೆಸುವ ದ್ರವ. ನೂರೆಂಟು ಬಣ್ಣ ತೋರಿಸುತ್ತಾನೆ, ಕೆಂಪು, ಗುಲಾಬಿ, ಕಿತ್ತಳೆ. ಮರುಳಾಗಬೇಡ. ನೀನು ಹಸಿರು ತಗೋ. ಅವಳಿಗೆ ಒಗ್ಗುವುದು ಹಸಿರೇ. ಅರ್ಧ ಅದು, ಅರ್ಧ ನೀರು.

ಒಂದು ಎಚ್ಚರ. ಅದು ವಿಷ. ಕುಡಿದರೆ ಸಿಹಿ ಇರುತ್ತದೆ, ನಾಯಿಗಳು ನೆಕ್ಕಿ ಸಾಯುತ್ತವೆ. ಚೆಲ್ಲಿದರೆ ಬಳಿದು ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚು, ಮೋರಿಗೆ ಬಿಡಬೇಡ.

ಅಪ್ಪನ ಮೇಲೆ ಅಷ್ಟು ಕೋಪ ಬೇಡ ಕಣೇ. ಅವರದು ಒಳಗೇ ಕುದಿಯುವ ಜಾತಿ, ದೊಡ್ಡಮ್ಮನ ಹಾಗೆ. ಆವಿ ಬರುವವರೆಗೆ ಗೊತ್ತಾಗುವುದಿಲ್ಲ.

ನಿನ್ನ ಅಣ್ಣ


ಫೆಬ್ರವರಿ 17

ಅಣ್ಣನಿಗೆ,

ವಿಷ ಎಂದು ನೀನೇ ಬರೆಯುತ್ತೀಯ, ಅರ್ಧ ವಿಷ ಅರ್ಧ ನೀರು ಎಂದು ಅಳತೆಯನ್ನೂ ನೀನೇ ಕೊಡುತ್ತೀಯ. ಕಾರ್ಖಾನೆಯ ಮ್ಯಾನೇಜರನೂ ಇದೇ ಮಾತಾಡುತ್ತಾನೆ. 'ಮಿತಿಯೊಳಗಿದೆ ಕಣಮ್ಮ' ಎನ್ನುತ್ತಾನೆ. ಮಿತಿಯೊಳಗಿನ ವಿಷ, ಮಿತಿಯೊಳಗಿನ ಹುಣ್ಣು. ಓದಿದವರು ಕೈ ತೊಳೆದುಕೊಳ್ಳಲು ಕಂಡುಹಿಡಿದ ಸಾಬೂನು ಆ ಮಾತು.

ಆದರೆ ಹಸಿರು ತಗೋ ಎಂದೆಯಲ್ಲ, ಅದೊಂದು ಮಾತು ನನಗೆ ಹಿಡಿಸಿತು. ಬಿಡಿಭಾಗದ ಅಂಗಡಿಗೆ ಹೋಗಿ ಹಸಿರು ಕೇಳಿದೆ. ಅಂಗಡಿಯವನು ಧೂಳು ಹಿಡಿದ ಒಂದು ಡಬ್ಬ ತೆಗೆದ. ಹಿಂದೆ ತಲೆಬುರುಡೆಯ ಚಿತ್ರ. 'ತಲೆಬುರುಡೆ ಇಲ್ಲದ್ದು ಕೊಡಿ' ಎಂದೆ. 'ಹಂಗಾದ್ರೆ ಇದು ತಗೊಳಮ್ಮ, ಹೊಸದು, ಐದು ವರ್ಷ ಮುಟ್ಟೋದೇ ಬೇಡ' ಎಂದು ಇನ್ನೊಂದು ಕೊಟ್ಟ. ಡಬ್ಬದ ಮೇಲೆ ಹಸಿರು ಎಲೆ. ಒಳಗಿನ ದ್ರವವೂ ಹಸಿರು. ಪ್ರಾಣಿಗಳಿಗೆ ಅಪಾಯವಿಲ್ಲ ಎಂದು ಮೇಲೇ ಬರೆದಿದೆ, ಸಾವಯವ ಆಮ್ಲಗಳಿಂದ ಮಾಡಿದ್ದು ಎಂದು ಕೆಳಗೆ. ಸಾವಯವ, ಅಣ್ಣ. ಸಾವಯವ ಎಂದರೆ ಜೀವವಿರುವುದು, ಮಣ್ಣಿಗೆ ಮರಳುವುದು. ಮೂರು ಕರಪತ್ರಗಳಲ್ಲಿ ಓದಿದ್ದೇನೆ, ಒಂದನ್ನು ನಾನೇ ಮಡಚಿದ್ದೇನೆ.

ಅದನ್ನೇ ತುಂಬಿದೆ. ನೀರು ಬೆರೆಸಲಿಲ್ಲ. ನಮ್ಮ ಓಣಿಯ ನೀರನ್ನು ದೊಡ್ಡಮ್ಮನಿಗೆ ಕುಡಿಸಲು ನನಗೆ ಮನಸ್ಸಾಗಲಿಲ್ಲ. ಅವಳೊಬ್ಬಳಾದರೂ ಶುದ್ಧವಾಗಿರಲಿ.

ಈಗ ನಿನಗೊಂದು ಪ್ರಶ್ನೆ. ನಿನ್ನ ಎಂಜಿನ್ ಕೋಣೆಯ ಗಲೀಜು ಎಲ್ಲಿಗೆ ಹೋಗುತ್ತದೆ. ಹಡಗುಗಳು ಎಣ್ಣೆನೀರನ್ನು ಕದ್ದು ಸಮುದ್ರಕ್ಕೆ ಬಿಡುತ್ತವೆ ಎಂದು ಓದಿದೆ. ನಿನ್ನ ಹಡಗು ಬಿಡುತ್ತದೆಯೇ.

ನಿನ್ನ ತಂಗಿ


ಮಾರ್ಚ್ 20

ಮೆಣಸಿನಕಾಯಿಗೆ,

ಅಯ್ಯೋ ನನ್ನ ತಾಯಿ. ಸಾವಯವ ಎಂದರೆ ಸೊಪ್ಪು ತರಕಾರಿ ಅಲ್ಲ ಕಣೇ. ರಸಾಯನದವರ ಲೆಕ್ಕದಲ್ಲಿ ಪೆಟ್ರೋಲೂ ಸಾವಯವ, ಸೀಮೆಎಣ್ಣೆಯೂ ಸಾವಯವ. ನಾನು ಹಸಿರು ಎಂದದ್ದು ಹಳೇ ಕಾಲದ ಹಸಿರು, ಆ ತಲೆಬುರುಡೆಯದ್ದೇ. ಈಚೆಗೆ ಬಣ್ಣ ಎನ್ನುವುದು ಕಂಪನಿಯವನ ಖುಷಿ, ಯಾವುದಕ್ಕೆ ಬೇಕಾದರೂ ಹಸಿರು ಬಳಿಯುತ್ತಾನೆ. ಅದನ್ನು ನಾನು ಬಿಡಿಸಿ ಬರೆಯಬೇಕಿತ್ತು.

ನೀನು ತುಂಬಿರುವುದು ಹೊಸ ಎಂಜಿನ್ನುಗಳಿಗೆ ಮಾಡಿದ್ದು. ದೊಡ್ಡಮ್ಮನ ರೇಡಿಯೇಟರಿನ ತುಂಬ ಸೀಸದ ಬೆಸುಗೆ. ಆ ಆಮ್ಲಗಳಿಗೆ ಸೀಸದ ಬೆಸುಗೆ ಕಂಡರೆ ಆಗುವುದಿಲ್ಲ, ನಿಧಾನವಾಗಿ ತಿನ್ನುತ್ತವೆ. ಇರಲಿ, ಅವಸರವೇನಿಲ್ಲ. ಶೆಡ್ಡಿನಲ್ಲಿ ನಿಂತಿರುವ ಗಾಡಿ ತಾನೇ. ರಜೆಗೆ ಬಂದಾಗ ನಾನೇ ಬಸಿದು ತೊಳೆಯುತ್ತೇನೆ. ಅಲ್ಲಿಯವರೆಗೆ ಚಾಲೂ ಮಾಡಬೇಡ.

ಇಲ್ಲಿ ಬಿಸಿಲು ಜೋರು. ಅಡುಗೆಯವನು ಬದಲಾದ, ಹೊಸಬನಿಗೆ ಉಪ್ಪು ಎಂದರೇನೆಂದೇ ಗೊತ್ತಿಲ್ಲ, ಸುತ್ತಲೂ ಸಮುದ್ರವಿದ್ದರೂ.

ನಿನ್ನ ಅಣ್ಣ


ಏಪ್ರಿಲ್ 11

ಅಣ್ಣನಿಗೆ,

ನನ್ನ ಪ್ರಶ್ನೆಗೆ ನಿನ್ನ ಉತ್ತರ ಉಪ್ಪು. ಇದು ನಿನಗೆ ಅಪ್ಪನಿಂದ ಬಂದ ಬಳುವಳಿ. ಅವರು ಪಕ್ಕಕ್ಕೆ ನಿಂತ್ಕೊ ಎನ್ನುತ್ತಾರೆ, ನೀನು ಅಡುಗೆಯವನ ಕಥೆ ಹೇಳುತ್ತೀಯ.

ತಲೆಬುರುಡೆಯಿರುವುದು ಒಳ್ಳೆಯದು, ಎಲೆಯಿರುವುದು ಕೆಟ್ಟದ್ದು ಎಂದು ನನ್ನ ಅಣ್ಣ ನನಗೆ ಪಾಠ ಹೇಳುವ ಕಾಲ ಬಂತು. ನೀನು ಯಂತ್ರಗಳ ಜೊತೆ ಇದ್ದು ಇದ್ದು ಯಂತ್ರದ ಪಕ್ಷ ಹಿಡಿದಿದ್ದೀಯ. ನಾನು ಬಸಿಯುವುದಿಲ್ಲ. ದೊಡ್ಡಮ್ಮ ಚೆನ್ನಾಗಿದ್ದಾಳೆ.

ಹೆಚ್ಚು ಬರೆಯಲು ಹೊತ್ತಿಲ್ಲ. ಬಣ್ಣ ಒಣಗುವುದರೊಳಗೆ ಒಂದು ಕೆಲಸ ಮುಗಿಸಬೇಕು. ಯಾವ ಬಣ್ಣ, ಏನು ಕೆಲಸ ಎಂದು ಕೇಳಬೇಡ.

ನಿನ್ನ ತಂಗಿ


ಮೇ 5

ಅಣ್ಣನಿಗೆ,

ಹಸಿರು ಹಾಕು ಎಂದವನು ನೀನು. ಅದನ್ನು ಮೊದಲ ಸಾಲಿನಲ್ಲೇ ಬರೆದಿಡುತ್ತೇನೆ.

ನಿನ್ನೆ ಮೆರವಣಿಗೆ ಇತ್ತು. ಓಣಿಯಿಂದ ಕಾರ್ಖಾನೆಯ ಗೇಟಿನವರೆಗೆ. ಎರಡು ತಿಂಗಳಿಂದ ಇದಕ್ಕೇ ಓಡಾಡಿದೆ. ಎಲ್ಲರ ಮುಂದೆ ದೊಡ್ಡಮ್ಮ, ಎರಡೂ ಬಾಗಿಲ ಮೇಲೆ ನಾನೇ ಬರೆದ ಅಕ್ಷರ: ನಮ್ಮ ಮೋರಿಯ ಹಸಿರು ಯಾರದು. ಹಿಂದಿನ ಸೀಟಿನಲ್ಲಿ ಪಕ್ಕದ್ಮನೆ ಅತ್ತೆಯನ್ನು ಕೂರಿಸಿದ್ದೆ, ಎರಡೂ ಕೈ ಹೊರಗೆ ಚಾಚಿ ಎಲ್ಲರಿಗೂ ತೋರಿಸಲಿ ಎಂದು. ಓಡಿಸಿದ್ದು ನಾನು. ಜನ ನಡೆಯುವ ವೇಗಕ್ಕೆ ಸರಿಯಾಗಿ, ಮೊದಲ ಗೇರಿನಲ್ಲೇ, ಮಟಮಟ ಬಿಸಿಲಿನಲ್ಲಿ. ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ.

ಮೆರವಣಿಗೆ ನೋಡಲು ಮನೆಗಳಿಂದ ಜನ ಇಳಿದು ಬಂದು ಸೇರಿಕೊಂಡರು. ಹಿಂದೆ ತಿರುಗಿ ನೋಡಿದರೆ ರಸ್ತೆಯೇ ಕಾಣುತ್ತಿರಲಿಲ್ಲ. ಅಷ್ಟು ಹೊತ್ತು ಒಂಟಿ ಅನಿಸದೇ ಇದ್ದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಗೇಟಿನ ಮುಂದೆ ನಿಲ್ಲಿಸಿ ಮಾತಾಡಲು ಬಾನೆಟ್ಟಿನ ಪಕ್ಕಕ್ಕೆ ಬಂದೆ. ಮೊದಲು ಕೆಟಲ್ಲು ಕೂಗುವಂಥ ಸದ್ದು. ಆಮೇಲೆ ರೇಡಿಯೇಟರಿನ ಮೇಲಿನ ಅಂಚು ಬಾಯಿ ಬಿಟ್ಟಿತು. ಆವಿ, ಅದರ ಹಿಂದೆಯೇ ಹಸಿರು. ಬಿಸಿಬಿಸಿ ಹಸಿರು, ಗೇಟಿನ ಮುಂದಿನ ಸಿಮೆಂಟಿನ ಮೇಲೆ ಹರಿದು ಮೋರಿಯ ಕಡೆಗೇ ಹೊರಟಿತು. ಎಲ್ಲರೂ ನೋಡುತ್ತಿದ್ದರು. ಮ್ಯಾನೇಜರ್ ಒಳಗಿನಿಂದ ಬಂದು, ಮೊಬೈಲ್ ತೆಗೆದು, ದೊಡ್ಡಮ್ಮನ ಬಾಗಿಲಿನ ಅಕ್ಷರವೂ ನೆಲದ ಹಸಿರೂ ಒಟ್ಟಿಗೆ ಬರುವ ಹಾಗೆ ಫೋಟೊ ತೆಗೆದ. 'ಯಾರದು ಅಂತ ಕೇಳ್ತಿದ್ರಲ್ಲ, ಉತ್ತರ ಸಿಕ್ತಲ್ಲಮ್ಮ' ಎಂದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಮ್ಮವರೇ ನಕ್ಕರು, ಅಣ್ಣ.

ಇನ್ನು ಕೇಳು. ಆಗ ನಿನ್ನ ಅಪ್ಪ ಕಾವಲು ಗೂಡಿನಿಂದ ಹೊರಗೆ ಬಂದರು. ನನ್ನ ಕಡೆ ನೋಡಲಿಲ್ಲ. ಬೆಂಕಿ ಆರಿಸಲು ಇಟ್ಟಿರುವ ಮರಳಿನ ಬಕೆಟ್ಟು ತಂದು, ಮಂಡಿಯೂರಿ, ಕಾರ್ಖಾನೆಯ ಹೊಸಿಲನ್ನು ಚೊಕ್ಕಟ ಮಾಡಲು ಕೂತರು. ಒಂದು ಬಕೆಟ್, ಇನ್ನೊಂದು, ಮತ್ತೊಂದು. ಮಗಳ ಮರ್ಯಾದೆ ಬೀದಿಯಲ್ಲಿ ಹರಿಯುತ್ತಿದೆ, ಇವರಿಗೆ ಯಜಮಾನರ ನೆಲದ ಚಿಂತೆ. ಆ ಬಗ್ಗಿದ ಬೆನ್ನು ನನ್ನ ಕಣ್ಣಿನಿಂದ ಹೋಗುತ್ತಿಲ್ಲ.

ಬೆಳಿಗ್ಗೆ ಓಣಿಯ ತುಂಬ ಮ್ಯಾನೇಜರನ ನೋಟೀಸು. ಅದೇ ಫೋಟೊ. ಮೋರಿಗೆ ಹಸಿರು ರಾಸಾಯನಿಕ ಸುರಿಯುತ್ತಿರುವುದು ಗಲಾಟೆ ಮಾಡುವವರೇ, ವಿಚಾರಣೆಗೆ ಕೋರಿದ್ದೇವೆ ಎಂದು ಕೆಳಗೆ ಬರೆದಿದೆ. ಅಚ್ಚು ಮಾಡಿದ್ದು ನಮ್ಮ ಪ್ರೆಸ್ಸೇ. ಹಂಚಿ ಉಳಿದದ್ದನ್ನು ಮಡಚಲು ನನಗೇ ಕೊಟ್ಟರು. ಮಡಚಲಿಲ್ಲ, ಎದ್ದು ಬಂದೆ. ವಿಚಾರಣೆಯಲ್ಲಿ ಅವರು ಗೆದ್ದರೆ ಮೋರಿಯ ಮಾತನ್ನು ಈ ಓಣಿಯಲ್ಲಿ ಇನ್ನು ಯಾರೂ ಎತ್ತುವುದಿಲ್ಲ. ಅತ್ತೆಯ ಕೈ ಹಾಗೇ ಕೊಳೆಯುತ್ತದೆ.

ನಿನ್ನ ಕೂಲಂಟು, ನಿನ್ನ ಅಪ್ಪ. ಇಬ್ಬರೂ ಸೇರಿ ಮುಗಿಸಿದಿರಿ.


ಮೇ 24

ತಂಗಿಗೆ,

ಈ ಸಲ ನನಗೂ ಸಿಟ್ಟು ಬಂದಿದೆ, ಪೂರ್ತಿ ಓದು.

ಸುಮ್ಮನೆ ನಿಂತು ಹಾಳಾಗಬಾರದು ಎಂದು ಬರೆದವಳು ನೀನು. ನಾನು ನಿಂತ ಗಾಡಿಗೆ ಔಷಧ ಹೇಳಿದೆ, ಚಾಲೂ ಮಾಡಬೇಡ ಎಂದೂ ಬರೆದೆ. ಮೆರವಣಿಗೆ ಎಂಬ ಒಂದು ಮಾತು ಬರೆದಿದ್ದರೆ ಮಾರ್ಚಿನಲ್ಲಿ ಅವಸರವಿಲ್ಲ ಎಂದು ನಾನು ಬರೆಯುತ್ತಲೇ ಇರಲಿಲ್ಲ. ತಂತಿ ಕಳಿಸುವ ಕಾಲವಲ್ಲದಿದ್ದರೂ ತಂತಿ ಕಳಿಸುತ್ತಿದ್ದೆ. ದೊಡ್ಡಮ್ಮನಿಗೆ ನೀರು ತಳ್ಳುವ ಪಂಪಿಲ್ಲ. ಬಿಸಿಯಾದದ್ದು ತಾನಾಗಿ ಮೇಲೇರಬೇಕು, ರೇಡಿಯೇಟರಿನಲ್ಲಿ ಗಾಳಿಗೆ ತಣಿದು ತಾನಾಗಿ ಇಳಿಯಬೇಕು. ಜನ ನಡೆಯುವ ವೇಗದಲ್ಲಿ ಗಾಳಿ ಎಲ್ಲಿಂದ ಬರಬೇಕು. ಮೇಲಾಗಿ ನೀನು ನೀರೇ ಬೆರೆಸಿರಲಿಲ್ಲ. ಬಿಸಿ ಹೊತ್ತೊಯ್ಯುವುದು ನೀರು ಕಣೇ, ಕೂಲಂಟು ತುಕ್ಕು ತಡೆಯಲು ಮಾತ್ರ. ಶುದ್ಧ ಶುದ್ಧ ಎಂದು ನೀರನ್ನೇ ದೂರ ಇಟ್ಟೆ. ಆಮ್ಲ ತಿಂದ ಬೆಸುಗೆ, ಕುದಿಯುವ ಎಂಜಿನ್ನು. ಸೀಟಿನಲ್ಲಿ ಅತ್ತೆ, ಪಕ್ಕದಲ್ಲಿ ನೀನು. ಆ ಆವಿ ನಿನ್ನ ಮುಖಕ್ಕೆ ಹೊಡೆದಿದ್ದರೆ ನಾನು ಈ ಕಾಗದವನ್ನು ಯಾರಿಗೆ ಬರೆಯಲಿ.

ಅಪ್ಪನ ವಿಷಯ. ನಾಲ್ಕನೇ ತಾರೀಕು ಸಂಜೆ ಅವರೇ ಫೋನ್ ಮಾಡಿದರು. ಏನಾಯಿತೆಂದು ಹೇಳಲಿಲ್ಲ. ಕೇಳಿದ್ದು ಒಂದೇ: 'ಅವಳು ತುಂಬಿದ್ದು ಮಣ್ಣಲ್ಲಿ ಇಂಗಿದ್ರೆ ಬಣ್ಣ ಹೋಗುತ್ತೇನೋ?' ಹೋಗುವುದಿಲ್ಲ ಎಂದೆ. 'ಸರಿ, ಊಟ ಮಾಡು' ಎಂದು ಇಟ್ಟರು. ಆಗ ನನಗೆ ಅರ್ಥವಾಗಲಿಲ್ಲ, ನಿನ್ನ ಕಾಗದ ಓದಿದ ಮೇಲೆ ಆಯಿತು. ಮರಳು ಯಾಕೆ ಹಾಕಿದರು ಎಂದು ನನ್ನನ್ನು ಕೇಳಬೇಡ. ಒಂದೇ ಮನೆಯಲ್ಲಿದ್ದೀಯ, ತಟ್ಟೆ ಇಡುವಾಗ ಬಾಯಿ ಬಿಟ್ಟು ಅವರನ್ನೇ ಕೇಳು.

ದೊಡ್ಡಮ್ಮನಿಗೆ ಮತ್ತೆ ಬೆಸುಗೆ ಹಾಕಿದರೆ, ಧೂಳು ಹಿಡಿದ ಡಬ್ಬದ ಹಸಿರು. ಹಳೇ ಎಂಜಿನ್ನಿಗೆ, ತಾಮ್ರ ಹಿತ್ತಾಳೆಗೆ ಎಂದು ಬರೆದಿರುವುದು. ಓಡಿಸುವುದಾದರೆ ಅರ್ಧಕ್ಕರ್ಧ ನೀರು ಸಾಲದು, ಅದರ ಎರಡರಷ್ಟು ಬ್ಯಾಟರಿಗೆ ಹಾಕುವ ಶುದ್ಧ ನೀರು. ವಿಷವೇ. ಮುಚ್ಚಳ ಭದ್ರ ಮಾಡುವುದು ನಮ್ಮ ಹೊಣೆ.

ನಿನ್ನ ಅಣ್ಣ


ಜೂನ್ 15

ಅಣ್ಣನಿಗೆ,

ನಿನ್ನ ಕಾಗದ ಬಂದಾಗ ವಿಚಾರಣೆ ಮುಗಿದಿತ್ತು. ಬಾಯಿ ಬಿಟ್ಟು ಕೇಳುವ ಮೊದಲೇ ಉತ್ತರ ಸಿಕ್ಕಿತ್ತು.

ವಿಚಾರಣೆ ಕಾರ್ಖಾನೆಯ ಅಂಗಳದಲ್ಲೇ ನಡೆಯಿತು. ಒಂದು ಮೇಜು, ನೀರಿನ ಇಲಾಖೆಯ ಒಬ್ಬ ಅಧಿಕಾರಿ, ಮೇಜಿನ ಮೇಲೆ ಫೋಟೊ. ಮ್ಯಾನೇಜರ್ ತನ್ನ ಕಡೆಯ ಸಾಕ್ಷಿಯಾಗಿ ಗೇಟಿನ ಕಾವಲುಗಾರನನ್ನು ಕರೆಸಿದ. ಆ ದಿನ ಗೇಟಿನಲ್ಲಿದ್ದವರು ಅವರೇ ತಾನೇ. ನಾನು ತಲೆ ತಗ್ಗಿಸಿ ನಿಂತಿದ್ದೆ. ನಾಚಿಕೆಗಲ್ಲ, ಅವರ ಮುಖ ನೋಡಿದರೆ ಏನಾದರೂ ಅಂದುಬಿಡುತ್ತೇನೆ ಎಂದು.

'ಆವತ್ತು ಇವರ ಗಾಡಿಯಿಂದ ಹಸಿರು ಸೋರಿದ್ದು ನಿಜವೇನಪ್ಪ' ಎಂದು ಅಧಿಕಾರಿ ಕೇಳಿದರು.

'ನಿಜ ಸಾರ್. ಗಾಡಿ ನನ್ನದೇ.'

ಮ್ಯಾನೇಜರನಿಗೆ ಅದು ಗೊತ್ತಿರಲಿಲ್ಲ. ಇಷ್ಟು ವರ್ಷದಿಂದ ತನ್ನ ಗೇಟು ಕಾದವನ ಮನೆಯಲ್ಲಿ ಏನಿದೆ ಎಂದು ಅವನು ಯಾಕೆ ತಿಳಿಯುತ್ತಾನೆ.

'ಮೋರಿಗೆ ಹೋಯ್ತಾ?'

'ಹೋಗಕ್ಕೆ ಬಿಡಲಿಲ್ಲ ಸಾರ್. ಮರಳಲ್ಲಿ ಕಟ್ಟೆ ಕಟ್ಟಿದೆ. ಒಂದು ತೊಟ್ಟೂ ದಾಟಿಲ್ಲ. ಆ ಮರಳನ್ನೆಲ್ಲ ಬಳಿದು ಡ್ರಮ್ಮಲ್ಲಿ ತುಂಬಿ ನನ್ನ ಗೂಡಿನ ಹಿಂದೆ ಇಟ್ಟಿದೀನಿ. ಬನ್ನಿ, ತೋರಿಸ್ತೀನಿ.' ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. 'ಡ್ರಮ್ಮಲ್ಲಿರೋ ಹಸಿರು ನನ್ನದು ಸಾರ್. ಮೋರೀಲಿ ಇವತ್ತೂ ಹರೀತಿರೋ ಹಸಿರು ಇವರದು. ಎರಡನ್ನೂ ನಾನು ಬಲ್ಲೆ. ನನ್ನದನ್ನ ನಾನು ಮುಚ್ಚಿಟ್ಟಿದೀನಿ. ಇವರದನ್ನ ಇವರು ಬಿಟ್ಟಿದಾರೆ.'

ಅವರು ಜೇಬಿನಿಂದ ಏನೋ ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ಮಡಿಕೆಯ ಕಾಗದ, ಮಡಿಕೆಯಲ್ಲೆಲ್ಲ ಹರಿದಿತ್ತು. ನನ್ನ ಕರಪತ್ರ. ಎಷ್ಟು ಸಲ ಬಿಡಿಸಿ ಓದಿದರೆ ಕಾಗದ ಹಾಗೆ ಹರಿಯುತ್ತದೆ ಎಂದು ಮಡಚುವ ಕೆಲಸ ಮಾಡಿದ ನನಗೆ ಗೊತ್ತು. 'ಇದರಲ್ಲಿ ಬರೆದಿರೋದೆಲ್ಲ ನಾನೂ ನೋಡಿದೀನಿ ಸಾರ್. ಒಂದು ತಪ್ಪಿದೆ. ನೀರು ಬಿಡೋದು ವಾರಕ್ಕೊಂದು ಸಲ ಅಂತ ಬರ್ದಿದಾಳೆ. ದಿನಾ ಬಿಡ್ತಾರೆ.'

ಅಧಿಕಾರಿ ಡ್ರಮ್ಮಿನಿಂದ ಒಂದು, ಮೋರಿಯಿಂದ ಒಂದು ಬಾಟಲಿ ತುಂಬಿಸಿ, ಮೊಹರು ಮಾಡಿ ಒಯ್ದರು. ಫಲಿತಾಂಶ ಬಂದಿಲ್ಲ. ಮೋರಿ ಇನ್ನೂ ಹಸಿರಾಗಿಯೇ ಇದೆ. ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದು ಕಾರ್ಖಾನೆಯವರು ಅಪ್ಪನಿಗೆ ಅಲ್ಲೇ ಹೇಳಿದರು. ನನಗೆ ಇನ್ನೂ ಕೋಪ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಅದನ್ನು ಯಾರ ಮೇಲೆ ಸುರಿಯಬೇಕೆಂದು ಈಗ ನೋಡಿ ಸುರಿಯುತ್ತೇನೆ.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ: 'ಗೇಟಲ್ಲೇ ಒಂದು ಮಾತು ಹೇಳಬಾರದಿತ್ತಾ ಅಪ್ಪ?'

'ನೀನು ಹೇಳಿದ್ಯಾ, ಗಾಡಿ ತಗೊಂಡು ಹೋಗ್ತೀನಿ ಅಂತ?' ಎಂದರು. ಒಂದಷ್ಟು ದೂರ ನಡೆದ ಮೇಲೆ, 'ಮೊದಲನೇ ಗೇರಲ್ಲಿ ಚೆನ್ನಾಗೇ ಓಡಿಸಿದೆ' ಎಂದರು.

ಈಗ ರೇಡಿಯೇಟರು ಶೆಡ್ಡಿನ ಮೇಜಿನ ಮೇಲೆ ಅಂಗಾತ ಮಲಗಿದೆ. ಅಪ್ಪ ಬೆಸುಗೆ ಹಾಕುತ್ತಾರೆ, ನಾನು ಹಿಡಿದುಕೊಳ್ಳುತ್ತೇನೆ, ಇಬ್ಬರೂ ಒಬ್ಬರಿಗೊಬ್ಬರು ಬೈಯುತ್ತೇವೆ. ಅತ್ತೆ ಬಾಗಿಲಲ್ಲಿ ಕೂತು ಇಬ್ಬರಿಗೂ ಬೈಯುತ್ತಾರೆ. ತಲೆಬುರುಡೆಯ ಡಬ್ಬ ತಂದಿದ್ದೇನೆ. ಮುಚ್ಚಳವನ್ನು ಎರಡು ಸಲ ತಿರುಗಿಸಿ ನೋಡಿದೆ, ಅಪ್ಪ ಮೂರನೆಯ ಸಲ ನೋಡಿದರು.

ಅಪ್ಪನಿಗೆ ನಿನ್ನ ಕಾಗದಗಳನ್ನೆಲ್ಲ ಓದಿ ಹೇಳಿದೆ. ನಾನು ಫೆಬ್ರವರಿಯಲ್ಲಿ ಕೇಳಿ ನೀನು ಉಪ್ಪು ಎಂದು ಹಾರಿಸಿದ ಪ್ರಶ್ನೆಯನ್ನೂ. ಬೆಸುಗೆಯ ಕಡ್ಡಿ ಕೆಳಗಿಟ್ಟರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ, ಒಂದಕ್ಷರವೂ ನನ್ನದಲ್ಲ:

'ನಾನೂ ಕೇಳ್ತಿದೀನಿ ಅಂತ ಬರಿ. ನಿನ್ನ ಹಡಗು ಬಿಡೋದು ಯಾವ ಬಣ್ಣ?'

ನಿನ್ನ ತಂಗಿ